ಹಳೇ ಹಾಲಿವುಡ್‌ನ ಅಣಕ: ಯಾವ ಕಾರ್ಟೂನ್ ಯಾರಿಗೆ?

ಮೊನ್ನೆ ಅಕ್ಕನ ಮಗ ಕೇಳಿದ: "ಮಾವ, ಸಿಂಪ್ಸನ್ಸ್ ಅರ್ಥ ಆಗ್ಬೇಕು ಅಂದ್ರೆ ಮೊದಲು ಎಷ್ಟು ಇಂಗ್ಲಿಷ್ ಸಿನಿಮಾ ನೋಡಿರ್ಬೇಕು?" ಅವನಿಗೆ ಹದಿನಾರು ವರ್ಷ. ಕೇಳಿದ್ದು ತಮಾಷೆಗೆ. ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕದ ಟಿವಿ ಕಾರ್ಟೂನ್‌ಗಳಲ್ಲಿ ಬಹಳಷ್ಟು ನಗು ಹಳೇ ಸಿನಿಮಾಗಳಿಂದ ಕಡ ತಂದದ್ದು. ಮೂಲ ಗೊತ್ತಿಲ್ಲದಿದ್ದರೆ ಬೀಗರ ಮನೆ ಮದುವೆಯಲ್ಲಿ ಅವರ ಊರಿನ ಜೋಕಿಗೆ ಹಲ್ಲು ಕಿರಿದು ಕೂತ ಹಾಗೆ ಆಗುತ್ತದೆ.

ಹಾಗಾಗಿ ಈ ಹೋಲಿಕೆ. ಸಿಂಪ್ಸನ್ಸ್, ಫ್ಯಾಮಿಲಿ ಗೈ, ರೋಬೋಟ್ ಚಿಕನ್, ಸೌತ್ ಪಾರ್ಕ್, ಆನಿಮೇನಿಯಾಕ್ಸ್, ಬಾಬ್ಸ್ ಬರ್ಗರ್ಸ್ ಎಲ್ಲವೂ ಸಿನಿಮಾಗಳನ್ನು ಗೇಲಿ ಮಾಡುತ್ತವೆ, ಆದರೆ ಒಂದೊಂದರ ರೀತಿ ಒಂದೊಂದು. ಆರಿಸುವಾಗ ನಾನು ನೋಡುವುದು ಮುಖ್ಯವಾಗಿ ಒಂದನ್ನೇ: ಕಡ ತಂದ ಅಕ್ಕಿಯಲ್ಲಿ ಇವರು ತಮ್ಮ ಅಡುಗೆ ಮಾಡಿದ್ದಾರಾ, ಇಲ್ಲಾ ಅಕ್ಕಿ ಮೂಟೆಯನ್ನೇ ತೋರಿಸಿ ನಗಿಸಲು ನೋಡುತ್ತಿದ್ದಾರಾ? ಎರಡರಲ್ಲೂ ನಗು ಇದೆ. ಆದರೆ ಎರಡನೆಯದಕ್ಕೆ ಮೂಟೆ ಯಾರ ಮನೆಯದು ಅಂತ ಮೊದಲೇ ಗೊತ್ತಿರಬೇಕು.

ಇದು ಹೊಸ ಚಟವೇನಲ್ಲ, ಬಿಡಿ. 1960ರಲ್ಲಿ ಶುರುವಾದ ಫ್ಲಿಂಟ್‌ಸ್ಟೋನ್ಸ್‌ನಲ್ಲೇ ನಟಿ ಆನ್-ಮಾರ್ಗ್ರೆಟ್ "ಆನ್-ಮಾರ್ಗ್‌ರಾಕ್" ಆಗಿ, ಟೋನಿ ಕರ್ಟಿಸ್ "ಸ್ಟೋನಿ ಕರ್ಟಿಸ್" ಆಗಿ ಬಂದು ತಮ್ಮ ದನಿಯಲ್ಲೇ ಮಾತಾಡಿ ಹೋಗಿದ್ದರು. ಶಿಲಾಯುಗದ ಕಥೆ ಅಂತ ಹೆಸರಿಗೊಂದು ಕಲ್ಲು ಸೇರಿಸಿದ್ದರು, ಅಷ್ಟೇ. ಸಿನಿಮಾವನ್ನೇ ಬಿಚ್ಚಿ ಮತ್ತೆ ಜೋಡಿಸುವ ಕೆಲಸ ನಿಜವಾಗಿ ಬಲಿತದ್ದು ಸಿಂಪ್ಸನ್ಸ್ ಬಂದ ಮೇಲೆ.

ಒಬ್ಬನೇ ವೆಲ್ಸ್, ನಾಲ್ಕು ಥರ

ವ್ಯತ್ಯಾಸ ತಿಳಿಯಬೇಕೆಂದರೆ ಎಲ್ಲರೂ ಕೈ ಹಾಕಿರುವ ಒಂದೇ ಗುರಿ ಹಿಡಿಯುವುದು ಒಳ್ಳೆಯದು. ಆರ್ಸನ್ ವೆಲ್ಸ್ ಅದಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. ತಾನೇ ನಿರ್ದೇಶಿಸಿ ನಟಿಸಿದ ಸಿಟಿಜನ್ ಕೇನ್ 1941ರಲ್ಲಿ ಬಿಡುಗಡೆಯಾದಾಗ ಅವನಿಗೆ ಬರೀ 25. ಕಥೆ ಗೊತ್ತಿಲ್ಲದವರಿಗೆ ಎರಡು ಸಾಲು: ಪತ್ರಿಕೆಗಳ ದೊಡ್ಡ ಧಣಿಯೊಬ್ಬ ಸಾಯುವಾಗ "ರೋಸ್‌ಬಡ್" ಅನ್ನುತ್ತಾನೆ, ಕೈಯಲ್ಲಿದ್ದ ಗಾಜಿನ ಗೋಳ ಕೆಳಗೆ ಬಿದ್ದು ಒಡೆಯುತ್ತದೆ. ಅದೇನು ಅಂತ ಸಿನಿಮಾ ಪೂರ್ತಿ ಹುಡುಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ನಮಗೆ ಮಾತ್ರ ಕಾಣುತ್ತದೆ: ಅದು ಅವನು ಹುಡುಗನಾಗಿದ್ದಾಗ ಹಿಮದ ಮೇಲೆ ಜಾರುತ್ತಿದ್ದ ಬಂಡಿ. ಆಗಲೇ ಅದು ಬೆಂಕಿಯಲ್ಲಿ ಉರಿಯುತ್ತಿರುತ್ತದೆ. (ಗುಟ್ಟು ರಟ್ಟು ಮಾಡಿದೆ ಅಂತ ಬೈಯಬೇಡಿ. ಸಿನಿಮಾಗೆ ಎಂಬತ್ತು ವರ್ಷ ದಾಟಿದೆ.)

ಸಿಂಪ್ಸನ್ಸ್ 1993ರ ಅಕ್ಟೋಬರ್‌ನಲ್ಲಿ ಇದನ್ನು ಎತ್ತಿಕೊಂಡಿತು. ಕಂತಿನ ಹೆಸರೇ "ರೋಸ್‌ಬಡ್". ಅಣುಸ್ಥಾವರದ ಮುದಿ ಯಜಮಾನ ಬರ್ನ್ಸ್ ನಿದ್ದೆಯಲ್ಲಿ "ಬೋಬೋ" ಅಂತ ಕನವರಿಸುತ್ತಾನೆ. ಬೋಬೋ ಅಂದರೆ ಅವನ ಚಿಕ್ಕಂದಿನ ಕರಡಿ ಬೊಂಬೆ. ಇಲ್ಲಿಯವರೆಗೆ ಕೇನ್‌ದೇ ಕಥೆ. ಆಮೇಲೆ ಅವರದೇ ಅಡುಗೆ ಶುರು. ಬೊಂಬೆ ಹೆಸರಾಂತ ವಿಮಾನ ಚಾಲಕ ಲಿಂಡ್‌ಬರ್ಗ್‌ನ ವಿಮಾನದಲ್ಲಿ ಪ್ಯಾರಿಸ್‌ಗೆ ಹೋಗುತ್ತದೆ. 1945ರಲ್ಲಿ ಬರ್ಲಿನ್‌ನ ಬಂಕರ್‌ನಲ್ಲಿ ಹಿಟ್ಲರ್ ಅದಕ್ಕೆ "ಎಲ್ಲಾ ನಿನ್ನಿಂದಲೇ ಆಗಿದ್ದು" ಅಂತ ಬೈಯುತ್ತಾನೆ. ಕೊನೆಗೆ ಐಸ್ ತುಂಬಿದ ಚೀಲದೊಳಗೆ ಸೇರಿ ಸ್ಪ್ರಿಂಗ್‌ಫೀಲ್ಡ್‌ನ ಅಂಗಡಿಗೆ ಬಂದು, ಅಲ್ಲಿಂದ ಸಿಂಪ್ಸನ್ ಮನೆಯ ಹುಡುಗ ಬಾರ್ಟ್ ಕೈಗೆ, ಬಾರ್ಟ್ ಕೈಯಿಂದ ಪುಟ್ಟ ತಂಗಿ ಮ್ಯಾಗಿಗೆ. ಮಗು ಬಿಡುವುದಿಲ್ಲ. ಬರ್ನ್ಸ್ ಹತ್ತು ಲಕ್ಷ ಡಾಲರ್ ಕೊಡುತ್ತೇನೆ, ಹವಾಯಿಯ ಮೂರು ದ್ವೀಪ ಕೊಡುತ್ತೇನೆ ಅಂದರೂ ಅಪ್ಪ ಹೋಮರ್ ಒಪ್ಪುವುದಿಲ್ಲ, ಏಕೆಂದರೆ ಮಗಳು ಅಳುತ್ತಾಳೆ.

ಕೇನ್‌ನಲ್ಲಿ ಬಂಡಿ ಸುಟ್ಟುಹೋಗುತ್ತದೆ. ಇಲ್ಲಿ ಊರೆಲ್ಲಾ ಗೋಗರೆದರೂ ಕೊಡದ ಮಗು, ಮುದುಕನ ಮುಖ ನೋಡಿ ತಾನಾಗಿಯೇ ಕೊಟ್ಟುಬಿಡುತ್ತದೆ. ಮೂಲ ನೋಡಿಲ್ಲದಿದ್ದರೂ ಆ ಸೀನ್ ತಟ್ಟುತ್ತದೆ, ನೋಡಿದ್ದರೆ ಎರಡು ಸಲ ತಟ್ಟುತ್ತದೆ. ನನ್ನ ಪ್ರಕಾರ ಟಿವಿ ಅಣಕದಲ್ಲಿ ಇದಕ್ಕಿಂತ ಮೇಲಿನದು ಇಲ್ಲ. ಇದ್ದರೆ ಹೇಳಿ, ನೋಡೋಣ.

ಈಗ ಫ್ಯಾಮಿಲಿ ಗೈ. ಅಲ್ಲಿ ಪೀಟರ್ ಗ್ರಿಫಿನ್ ಯಾರದೋ ಸಿಟಿಜನ್ ಕೇನ್ ಕ್ಯಾಸೆಟ್ ಮೇಲೆ ತಾನೇ ರೆಕಾರ್ಡ್ ಮಾಡಿಟ್ಟಿರುತ್ತಾನೆ. "ಅದು ಅವನ ಬಂಡಿ, ಚಿಕ್ಕಂದಿನದು. ತಗೊಳ್ಳಿ, ನಿಮ್ಮ ಎರಡು ಗಂಟೆ ಉಳಿಸಿದೆ" ಅನ್ನುವ ಅರ್ಥದ ಮಾತು, ನಡುವೆ ಒಂದು ಪೋಲಿ ಪದ. ಮುಗಿಯಿತು. ಕೆಲವೇ ಸೆಕೆಂಡು. ಸಿಂಪ್ಸನ್ಸ್ ಇಪ್ಪತ್ತೆರಡು ನಿಮಿಷ ತೆಗೆದುಕೊಂಡದ್ದನ್ನು ಇವರು ಚಿಟಿಕೆ ಹೊಡೆದ ಹಾಗೆ ಮುಗಿಸುತ್ತಾರೆ. ನನಗೆ ಇದೂ ನಗು ತರಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಇಲ್ಲಿ ಗೇಲಿ ಸಿನಿಮಾದ್ದಲ್ಲ, ಅದನ್ನು ನೋಡಲೇಬೇಕು ಅಂತ ಪೀಡಿಸುವ ನನ್ನಂಥವರದ್ದು.

ಮೂರನೆಯದು ಮಕ್ಕಳ ಕಾರ್ಟೂನ್. ಆನಿಮೇನಿಯಾಕ್ಸ್‌ನಲ್ಲಿ ಹುಟ್ಟಿ 1995ರಲ್ಲಿ ಬೇರೆ ಮನೆ ಮಾಡಿದ ಪಿಂಕಿ ಅಂಡ್ ದಿ ಬ್ರೈನ್. ಲೋಕವನ್ನೇ ಗೆಲ್ಲಲು ಹೊರಡುವ ಬ್ರೈನ್ ಎಂಬ ಇಲಿಯ ದನಿ ಮೋರಿಸ್ ಲಾಮಾರ್ಶ್ ಅವರದು, ಆ ಗತ್ತು ಪೂರ್ತಿ ವೆಲ್ಸ್‌ದು. ವೆಲ್ಸ್ ಕೊನೆಗಾಲದಲ್ಲಿ ಹೊಟ್ಟೆಪಾಡಿಗೆ ಜಾಹೀರಾತಿಗೆ ದನಿ ಕೊಡುತ್ತಿದ್ದ. ಫ್ರೋಜನ್ ಬಟಾಣಿಯ ಜಾಹೀರಾತೊಂದರ ರೆಕಾರ್ಡಿಂಗ್‌ನಲ್ಲಿ ಅವನು ಸ್ಟುಡಿಯೋದವರ ಜೊತೆ ಜಗಳವಾಡಿದ ಧ್ವನಿಮುದ್ರಣ ಹೊರಗೆ ಬಂದು ಹೆಸರುವಾಸಿಯಾಯಿತು. "ಹೀಗೆ ಬರೆದರೆ ಇಂಗ್ಲಿಷೇ ಅಲ್ಲ" ಅನ್ನೋ ಥರದ ಗೊಣಗಾಟ. ಆನಿಮೇನಿಯಾಕ್ಸ್‌ನವರು ಆ ಜಗಳವನ್ನು ಹೆಚ್ಚೂಕಡಿಮೆ ಹಾಗೇ ಎತ್ತಿ ಇಲಿಯ ಬಾಯಿಗೆ ಇಟ್ಟರು, ಬೈಗುಳ ಮಾತ್ರ ತೆಗೆದು. ಬೆಳಗ್ಗೆ ಹಾಲು ಕುಡಿಯುತ್ತಾ ಟಿವಿ ಮುಂದೆ ಕೂತ ಮಕ್ಕಳಿಗೆ ಇದರಲ್ಲಿ ಏನು ಗೊತ್ತಾಗಬೇಕು ಹೇಳಿ! ಇದು ಪಕ್ಕಾ ಮೂಟೆ ತೋರಿಸುವ ಜಾತಿಯದು. ಮೊದಲು ಆ ಧ್ವನಿಮುದ್ರಣ ಕೇಳಿ ಆಮೇಲೆ ನೋಡಿದರೆ ಮಾತ್ರ ಬಿದ್ದು ಬಿದ್ದು ನಗುತ್ತೀರಿ.

ನಾಲ್ಕನೆಯದು ದಿ ಕ್ರಿಟಿಕ್, 1994ರದು, ಬರೀ 23 ಕಂತು ಬದುಕಿದ್ದು. ಇದರಲ್ಲಿ ನಾಯಕನೇ ಟಿವಿಯ ಸಿನಿಮಾ ವಿಮರ್ಶಕ, ಹಾಗಾಗಿ ಪ್ರತಿ ಕಂತಿನಲ್ಲೂ ಸುಳ್ಳು ಸಿನಿಮಾಗಳ ತುಣುಕು. ಇಲ್ಲೂ ವೆಲ್ಸ್ ಬಟಾಣಿ ಮಾರಲು ಬರುತ್ತಾನೆ, ದನಿ ಅದೇ ಲಾಮಾರ್ಶ್‌ದು. ಜೋಕ್ ಚುರುಕಾಗಿದೆ, ಆದರೆ ಅರ್ಧ ಜೋಕುಗಳು ಆ ವರ್ಷ ಥಿಯೇಟರಿಗೆ ಬಂದ ಸಿನಿಮಾಗಳ ಮೇಲೆ. ಇವತ್ತು ನೋಡುವವನಿಗೆ ಹಳೇ ಪೇಪರ್ ಓದಿದ ಹಾಗಾಗುತ್ತದೆ. ತೊಂಬತ್ತರ ದಶಕದ ಇಂಗ್ಲಿಷ್ ಸಿನಿಮಾ ಅರೆದು ಕುಡಿದವರಿಗೆ ಮಾತ್ರ.

ಅಂದ ಹಾಗೆ, ವೆಲ್ಸ್ 1985ರಲ್ಲಿ ತೀರಿಕೊಂಡ. ಮರುವರ್ಷ ತೆರೆಗೆ ಬಂದ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಸಿನಿಮಾದಲ್ಲಿ ಒಂದು ಗ್ರಹದ ಗಾತ್ರದ ರಾಕ್ಷಸನಿಗೆ ದನಿ ಕೊಟ್ಟಿದ್ದ. ಕಾರ್ಟೂನ್‌ನವರು ಅವನನ್ನು ಬಿಡಲೇ ಇಲ್ಲ.

ಸಿನಿಮಾ ನೋಡದವರಿಗೆ: ಕೇಪ್ ಫಿಯರ್

ಮೂಲ ನೋಡಿಲ್ಲ, ನೋಡುವ ತಾಳ್ಮೆಯೂ ಇಲ್ಲ ಅನ್ನುವವರು ಕಣ್ಣು ಮುಚ್ಚಿಕೊಂಡು ಸಿಂಪ್ಸನ್ಸ್‌ನ "ಕೇಪ್ ಫಿಯರ್" ಕಂತಿನಿಂದ ಶುರು ಮಾಡಿ. ಇದೂ 1993ರದು. ರೋಸ್‌ಬಡ್‌ಗಿಂತ ಎರಡು ವಾರ ಮೊದಲು ಬಂದದ್ದು. 1962ರಲ್ಲಿ ರಾಬರ್ಟ್ ಮಿಚಮ್, 1991ರಲ್ಲಿ ರಾಬರ್ಟ್ ಡಿ ನೀರೋ ಮಾಡಿದ ಪಾತ್ರವನ್ನು ಇಲ್ಲಿ ಬಾರ್ಟ್‌ನ ಹಳೇ ವೈರಿ ಸೈಡ್‌ಶೋ ಬಾಬ್ ಮಾಡುತ್ತಾನೆ: ಜೈಲಿನಿಂದ ಹೊರಬಂದು ಸೇಡು ತೀರಿಸಲು ಒಂದು ಸಂಸಾರದ ಬೆನ್ನು ಹತ್ತುವವನು. ಎದೆ ಮೇಲೆ "ಡೈ ಬಾರ್ಟ್, ಡೈ" ಅಂತ ಹಚ್ಚೆ. ಸಾಯಿ ಬಾರ್ಟ್, ಸಾಯಿ. ಜೈಲಿನಿಂದ ಬಿಡಬೇಕೋ ಬೇಡವೋ ಅಂತ ವಿಚಾರಣೆ ನಡೆಯುವಾಗ ಅವನ ಉತ್ತರ: ಅದು ಜರ್ಮನ್, ಆ "ಡೈ"ಯನ್ನು "ಡಿ" ಅಂತ ಓದಬೇಕು, ಅದು ಇಂಗ್ಲಿಷಿನ "ದಿ" ಇದ್ದ ಹಾಗೆ. ಜರ್ಮನ್ ಮಾತಾಡುವವನು ಕೆಟ್ಟವನಿರಲು ಸಾಧ್ಯವೇ ಇಲ್ಲ ಅಂತ ಬಿಟ್ಟೇಬಿಡುತ್ತಾರೆ.

ಆ ರೇಕ್ ಸೀನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿನಿಮಾದಲ್ಲಿ ಡಿ ನೀರೋ ಕಾರಿನ ಅಡಿಗೆ ತನ್ನನ್ನು ಕಟ್ಟಿಕೊಂಡು ಆ ಸಂಸಾರದ ಹಿಂದೆ ಬರುತ್ತಾನೆ, ಗಂಭೀರವಾಗಿ. ಬಾಬ್ ಅದನ್ನೇ ಮಾಡುತ್ತಾನೆ, ಹೋಮರ್ ಕಾರನ್ನು ಪಾಪಾಸುಕಳ್ಳಿ ಮೇಲೆ ಓಡಿಸುತ್ತಾನೆ. ಬಾಬ್ ಹೇಗೋ ಕೆಳಗಿಂದ ಬಿಡಿಸಿಕೊಂಡು ಎದ್ದು ಒಂದು ಹೆಜ್ಜೆ ಇಡುತ್ತಾನೆ. ನೆಲದಲ್ಲಿ ಎಲೆ ಬಾಚುವ ರೇಕ್ ಬಿದ್ದಿದೆ. ಹಲ್ಲಿನ ಮೇಲೆ ಕಾಲು, ಹಿಡಿ ಎದ್ದು ಮುಖಕ್ಕೆ ಠಪ್. ಹಲ್ಲು ಕಚ್ಚಿಕೊಂಡು ಗುರ್ ಅನ್ನುತ್ತಾನೆ. ತಿರುಗುತ್ತಾನೆ, ಇನ್ನೊಂದು ರೇಕ್. ಠಪ್. ಗುರ್. ಇನ್ನೊಂದು. ಒಟ್ಟು ಒಂಬತ್ತು ಸಲ. ಕಂತಿನ ಉದ್ದ ಸಾಲದೆ ಬಂದದ್ದಕ್ಕೆ ತುಂಬಿಸಿದ್ದಂತೆ ಅದು! ಮೂರನೇ ಸಲ ನಗು ಬರುತ್ತದೆ, ಐದನೆಯದಕ್ಕೆ "ಸಾಕಪ್ಪಾ" ಅನಿಸುತ್ತದೆ, ಏಳನೆಯದಕ್ಕೆ ತಡೆಯಲಾಗುವುದಿಲ್ಲ. ನನ್ನಮ್ಮನಿಗೆ ಇಂಗ್ಲಿಷೂ ಬರುವುದಿಲ್ಲ, ಡಿ ನೀರೋ ಯಾರು ಅಂತಲೂ ಗೊತ್ತಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ಆರನೇ ರೇಕಿಗೆ "ಅಯ್ಯೋ ಪಾಪ, ಆ ಕಡೆ ಹೋಗ್ಬಾರ್ದಾ" ಅಂದರು. ಎಂಟನೆಯದಕ್ಕೆ ಸಿಪ್ಪೆ ಮೊರದಿಂದ ಕೆಳಗೆ ಬಿದ್ದಿತ್ತು.

ಒಂದು ಎಚ್ಚರಿಕೆ ಮಾತ್ರ. ಬರ್ನಾರ್ಡ್ ಹರ್ಮನ್ 1962ರ ಸಿನಿಮಾಗೆ ಕೊಟ್ಟ ಆ ನಡುಗಿಸುವ ಸಂಗೀತ 1991ರದರಲ್ಲೂ ಇದೆ, ಈ ಕಂತಿನಲ್ಲೂ ಇದೆ, ಮುಂದೆ ಬಾಬ್ ಬಂದಾಗಲೆಲ್ಲಾ ಅದೇ ಬಾರಿಸುತ್ತಾರೆ. ನಾನು ಕಾರ್ಟೂನ್ ಮೊದಲು ನೋಡಿದವನು. ಎಷ್ಟೋ ವರ್ಷದ ಮೇಲೆ ರಾತ್ರಿ ಒಬ್ಬನೇ ಮಿಚಮ್ ಸಿನಿಮಾ ಹಾಕಿಕೊಂಡರೆ, ಹೆದರಬೇಕಾದ ಜಾಗದಲ್ಲೆಲ್ಲಾ ರೇಕ್ ನೆನಪಾಗಿ ನಗು. ಆ ಸಿನಿಮಾ ನನ್ನ ಪಾಲಿಗೆ ಹೋಯಿತು. ಮೂಲದ ಭಯ ಬೇಕು ಅನ್ನುವವರು ಸಿನಿಮಾ ಮೊದಲು ನೋಡಿ. ಡಿ ನೀರೋ ಕೊನೆಗೆ ನೀರಲ್ಲಿ ಹಾಡುತ್ತಾ ಮುಳುಗುವುದನ್ನು ನೋಡಿದ ಮೇಲೆಯೇ, ಬಾಬ್ ದೋಣಿಯಲ್ಲಿ ನಿಂತು ಬಾರ್ಟ್‌ನ ಕೊನೆಯಾಸೆ ತೀರಿಸಲು 1878ರ ಹಳೇ ಸಂಗೀತ ನಾಟಕವೊಂದನ್ನು ಮೊದಲಿಂದ ಕೊನೆವರೆಗೆ ಹಾಡುವುದರ ಮಜಾ ಸಿಗುವುದು. ಹಾಡಿ ಮುಗಿಸುವಷ್ಟರಲ್ಲಿ ದೋಣಿ ತೇಲಿಕೊಂಡು ಊರು ಸೇರಿರುತ್ತದೆ, ಪೊಲೀಸರು ಕಾದಿರುತ್ತಾರೆ.

ಇದೇ ಜಾತಿಯ ಇನ್ನೆರಡು: 1994ರ "ಬಾರ್ಟ್ ಆಫ್ ಡಾರ್ಕ್‌ನೆಸ್", ಹಿಚ್‌ಕಾಕ್‌ನ ರಿಯರ್ ವಿಂಡೋದ ಅಣಕ. ಕಾಲು ಮುರಿದುಕೊಂಡ ಬಾರ್ಟ್ ಕಿಟಕಿಯಿಂದ ಪಕ್ಕದ ಮನೆಯಲ್ಲಿ ಕೊಲೆಯಾಯಿತು ಅಂದುಕೊಳ್ಳುತ್ತಾನೆ, ಅಲ್ಲಿ ನಿಜಕ್ಕೂ ಸತ್ತಿರುವುದು ನೀರು ಜಾಸ್ತಿಯಾದ ಒಂದು ಗಿಡ. ಅದೇ ವರ್ಷದ ಹ್ಯಾಲೋವೀನ್ ಕಂತಿನಲ್ಲಿ ಕುಬ್ರಿಕ್‌ನ ಶೈನಿಂಗ್‌ನ ಅಣಕ, ಬರೀ ಏಳೆಂಟು ನಿಮಿಷ. ಸಿನಿಮಾದಲ್ಲಿ ನಾಯಕನಿಗೆ ಯಾಕೆ ಹುಚ್ಚು ಹಿಡಿಯಿತು ಅಂತ ಜನ ಇಂದಿಗೂ ವಾದ ಮಾಡುತ್ತಾರೆ. ಇಲ್ಲಿ ಕಾರಣ ಸ್ಪಷ್ಟ: ಟಿವಿ ಇಲ್ಲ, ಬಿಯರ್ ಇಲ್ಲ.

ಸ್ಟಾರ್ ವಾರ್ಸ್ ಬಾಯಿಪಾಠ ಇರುವವರಿಗೆ

1977ರ ಸ್ಟಾರ್ ವಾರ್ಸ್‌ಗೆ 2007ರಲ್ಲಿ ಮೂವತ್ತು ತುಂಬಿತು. ಆ ವರ್ಷ ಎರಡು ಅಣಕ ಬಂದವು, ಜೂನ್‌ನಲ್ಲಿ ರೋಬೋಟ್ ಚಿಕನ್‌ದು, ಸೆಪ್ಟೆಂಬರ್‌ನಲ್ಲಿ ಫ್ಯಾಮಿಲಿ ಗೈನ "ಬ್ಲೂ ಹಾರ್ವೆಸ್ಟ್". ಯಾವುದು ನೋಡಲಿ ಅಂತ ಜನ ಕೇಳುವುದು ಇದನ್ನೇ ಜಾಸ್ತಿ.

ಬ್ಲೂ ಹಾರ್ವೆಸ್ಟ್ ಜಾಹೀರಾತು ಬಿಟ್ಟು ಮುಕ್ಕಾಲು ಗಂಟೆಯದು. ಕರೆಂಟ್ ಹೋದಾಗ ಪೀಟರ್ ಮಕ್ಕಳಿಗೆ ಕಥೆ ಹೇಳಲು ಕೂರುತ್ತಾನೆ, ಆ ಕಥೆಯೇ ಸ್ಟಾರ್ ವಾರ್ಸ್. ಪೀಟರ್ ಹಾನ್ ಸೋಲೋ, ಮಗ ಕ್ರಿಸ್ ಲ್ಯೂಕ್, ನಾಯಿ ಬ್ರಯನ್ ಚ್ಯೂಬಾಕಾ, ಮಗು ಸ್ಟೂಯಿ ಡಾರ್ತ್ ವೇಡರ್. ಮೂಲ ಸಿನಿಮಾ ಮಾಡಿದ ಲೂಕಾಸ್‌ಫಿಲ್ಮ್ ಒಪ್ಪಿಗೆ ಕೊಟ್ಟಿತ್ತು, ಹಾಗಾಗಿ ಹಡಗು, ಸದ್ದು, ಜಾನ್ ವಿಲಿಯಮ್ಸ್ ಸಂಗೀತ ಎಲ್ಲಾ ಅಸಲಿ. ಅದೇ ಇದರ ಬಲ, ಅದೇ ಇದರ ತೊಂದರೆ. ಸೀನ್ ನಂತರ ಸೀನ್ ಮೂಲವನ್ನೇ ಹಿಂಬಾಲಿಸುತ್ತದೆ, ನಡುನಡುವೆ ಜೋಕ್. ಕಸದ ಗುಂಡಿಯಲ್ಲಿ ಸಿಕ್ಕಿದ ಸೋಫಾ ಒಂದನ್ನು ಬಿಡಲು ಮನಸ್ಸಾಗದೆ ಪೀಟರ್, ಶತ್ರುಗಳು ಗುಂಡು ಹಾರಿಸುತ್ತಿದ್ದರೂ ಹೊತ್ತುಕೊಂಡು ಓಡುವುದು ಮಾತ್ರ ಅಮೋಘ. ಯಾರ ಮನೆಯಲ್ಲಿ ಅಂಥ ಅಪ್ಪ ಇಲ್ಲ ಹೇಳಿ. ಸೋಫಾದಂಥ ಜಾಗದಲ್ಲಿ ಪೀಟರ್ ಪೀಟರ್ ಆಗಿದ್ದಾನೆ. ಉಳಿದ ಕಡೆ ಅವನು ಹಾನ್ ಸೋಲೋ ವೇಷ ಹಾಕಿ ನಿಂತವನು.

ರೋಬೋಟ್ ಚಿಕನ್ ಬೊಂಬೆಗಳನ್ನು ಒಂದೊಂದೇ ಚೂರು ಸರಿಸಿ ಫೋಟೋ ತೆಗೆದು ಮಾಡುವ ಕಾರ್ಟೂನ್. ಕಥೆ ಅಂತ ಇಲ್ಲ, ತುಣುಕುಗಳು. ಆದರೆ ಅವರಿಗೊಂದು ಕಳ್ಳ ಕಣ್ಣಿದೆ: ಸಿನಿಮಾ ತೋರಿಸದೆ ಬಿಟ್ಟ ಗಳಿಗೆಯನ್ನೇ ಹುಡುಕಿ ಹಿಡಿಯುತ್ತಾರೆ. ದುಷ್ಟ ಚಕ್ರವರ್ತಿಯ ದೈತ್ಯ ಯುದ್ಧನೆಲೆ ಡೆತ್ ಸ್ಟಾರ್ ಸ್ಫೋಟವಾಯಿತಲ್ಲ, ಅದನ್ನು ಅವನಿಗೆ ಯಾರು, ಹೇಗೆ ಹೇಳಿದರು? ಇವರ ಪ್ರಕಾರ ಡಾರ್ತ್ ವೇಡರ್ ಫೋನ್ ಮಾಡಿದ, ಅದೂ ದುಡ್ಡು ಆ ಕಡೆಯವರು ಕೊಡಬೇಕಾದ ಕಾಲ್. ಚಕ್ರವರ್ತಿ ಗೊಣಗುತ್ತಲೇ ಎತ್ತುತ್ತಾನೆ. ಸುದ್ದಿ ಕೇಳಿ ಅವನಿಗೆ ಬರುವ ಸಂಕಟ ಯಾವುದು ಗೊತ್ತಾ? ಅದರ ಸಾಲ ಇನ್ನೂ ತೀರಿರಲಿಲ್ಲ! ಹಾನ್ ಸೋಲೋನ ಹಡಗು ಮಿಲೇನಿಯಂ ಫಾಲ್ಕನ್ ಬಂದು ಹೊಡೆಯಿತು ಅಂದರೆ "ಅಲ್ಯೂಮಿನಿಯಂ ಫಾಲ್ಕನ್ನಾ, ಅದ್ಯಾವುದು?" ಅನ್ನುತ್ತಾನೆ. ಮಾಡಿದ ಕೆಲಸ ಹಾಳಾದಾಗ ಮೇಲಧಿಕಾರಿಗೆ ಫೋನ್ ಮಾಡಿ ನಿಂತವರೆಲ್ಲರಿಗೂ ಆ ದನಿ ಗೊತ್ತು. ಇಲ್ಲಿ ಒಂದು ಗಮ್ಮತ್ತೂ ಇದೆ: ಆ ಚಕ್ರವರ್ತಿಯ ದನಿ ಫ್ಯಾಮಿಲಿ ಗೈ ಮಾಡಿದ ಸೆತ್ ಮೆಕ್‌ಫಾರ್ಲೇನ್‌ದು, ಫ್ಯಾಮಿಲಿ ಗೈನಲ್ಲಿ ಕ್ರಿಸ್‌ಗೆ ದನಿ ಕೊಡುವವರು ರೋಬೋಟ್ ಚಿಕನ್ ಮಾಡಿದ ಸೆತ್ ಗ್ರೀನ್. ಜಗಳವೆಲ್ಲಾ ಮನೆಯೊಳಗಿನದೇ. ಸ್ಟಾರ್ ವಾರ್ಸ್ ನಿರ್ದೇಶಕ ಜಾರ್ಜ್ ಲೂಕಾಸ್ ಸ್ವತಃ ರೋಬೋಟ್ ಚಿಕನ್‌ನಲ್ಲಿ ತನ್ನ ಪಾತ್ರಕ್ಕೆ ತಾನೇ ದನಿ ಕೊಟ್ಟಿದ್ದಾನೆ.

ನನ್ನ ಓಟು ರೋಬೋಟ್ ಚಿಕನ್‌ಗೆ. ಸ್ಟಾರ್ ವಾರ್ಸ್ ಹತ್ತು ಸಲ ನೋಡಿ ಡೈಲಾಗ್ ಜೊತೆಗೇ ಹೇಳುವವರು ಬ್ಲೂ ಹಾರ್ವೆಸ್ಟ್ ಹಾಕಿಕೊಳ್ಳಿ, ನಿಮಗೆ ಹಬ್ಬ. ಒಂದು ಸಲವೂ ನೋಡದವರು ಎರಡನ್ನೂ ಮುಟ್ಟಬೇಡಿ. ಆದರೆ ಆ ಫೋನ್ ಕಾಲ್ ತುಣುಕನ್ನು ಮಾತ್ರ ನೋಡಿ.

ಜಗಳಗಂಟ ಸೌತ್ ಪಾರ್ಕ್

ಮೇಲಿನವೆಲ್ಲಾ ಪ್ರೀತಿಯ ಗೇಲಿ. ಸೌತ್ ಪಾರ್ಕ್ ಹಾಗಲ್ಲ, ಕಾಲು ಕೆರೆದು ನಿಲ್ಲುತ್ತದೆ. 2002ರಲ್ಲಿ ಸ್ಪೀಲ್‌ಬರ್ಗ್ ಇ.ಟಿ. ಸಿನಿಮಾದ ಇಪ್ಪತ್ತನೇ ವರ್ಷಕ್ಕೆ ಅದನ್ನು ತಿದ್ದಿ ಮತ್ತೆ ಬಿಟ್ಟರು. ಮಕ್ಕಳನ್ನು ಅಟ್ಟಿಸಿಕೊಂಡು ಬರುವ ಸರ್ಕಾರಿ ಏಜೆಂಟರ ಕೈಯಲ್ಲಿದ್ದ ಬಂದೂಕು ಹೋಗಿ ವಾಕಿ-ಟಾಕಿ ಬಂದಿತ್ತು. ಅದೇ ಜುಲೈನಲ್ಲಿ ಸೌತ್ ಪಾರ್ಕ್‌ನ "ಫ್ರೀ ಹ್ಯಾಟ್" ಬಂತು. ನಾಲ್ಕು ಹುಡುಗರು ಹಳೇ ಸಿನಿಮಾ ಉಳಿಸಿ ಅಂತ ಸಂಘ ಕಟ್ಟುತ್ತಾರೆ. ಜನ ಬರಲಿ ಅಂತ ಕಾಗದದ ಟೋಪಿ ಪುಕ್ಕಟೆ ಕೊಡುತ್ತೇವೆ, "ಫ್ರೀ ಹ್ಯಾಟ್" ಅಂತ ಬರೆಯುತ್ತಾರೆ. ಜನವೇನೋ ಬರುತ್ತಾರೆ, ಆದರೆ ಹ್ಯಾಟ್ ಅನ್ನುವ ಹೆಸರಿನ ಕೊಲೆಗಾರನನ್ನು ಜೈಲಿನಿಂದ ಬಿಡಿಸುವ ಹೋರಾಟ ಅಂದುಕೊಂಡು. ಕೊನೆಗೆ ಸ್ಪೀಲ್‌ಬರ್ಗ್‌ದೇ ಆದ ಇಂಡಿಯಾನಾ ಜೋನ್ಸ್ ಸಿನಿಮಾ ತಿದ್ದುಪಡಿಯಾಗಿ ತೆರೆಯ ಮೇಲೆ ಬಂದಾಗ, ಮೂಲದಲ್ಲಿ ಪವಿತ್ರ ಪೆಟ್ಟಿಗೆ ತೆರೆದ ನಾಜಿಗಳ ಮುಖ ಕರಗಿದ ಹಾಗೆ, ನೋಡಲು ಕೂತವರ ಮುಖಗಳೇ ಕರಗುತ್ತವೆ.

ಇಲ್ಲಿ ಸಿನಿಮಾದ ಸೀನನ್ನೇ ಅದರ ನಿರ್ದೇಶಕನ ಮೇಲೆ ತಿರುಗಿಸಿದ್ದಾರೆ. ಬಂದೂಕು ತೆಗೆದದ್ದು ತಪ್ಪಾಯಿತು ಅಂತ ಮುಂದೆ ಸ್ಪೀಲ್‌ಬರ್ಗ್ ತಾವೇ ಒಪ್ಪಿಕೊಂಡರು. ಅದು ಈ ಕಾರ್ಟೂನ್‌ನಿಂದ ಅಂತ ನಾನು ಹೇಳುತ್ತಿಲ್ಲ. ಜಗಳ ಸುಮ್ನೆ ತೆಗೆದದ್ದಲ್ಲ ಅನ್ನುತ್ತಿದ್ದೇನೆ. ಸಿನಿಮಾ ಬಗ್ಗೆ ವಾದ ಮಾಡುವುದು ಇಷ್ಟ ಇರುವವರಿಗೆ ಇದು. ಮಕ್ಕಳು ಮನೆಯಲ್ಲಿದ್ದರೆ ಬೇಡ, ಅತ್ತೆ ಮಾವ ಇದ್ದರೆ ಖಂಡಿತ ಬೇಡ.

ಮಕ್ಕಳ ಜೊತೆ ಕೂರುವವರಿಗೆ

ಚಿಕ್ಕವರಿಗೆ ಆನಿಮೇನಿಯಾಕ್ಸ್‌ನ ಗುಡ್‌ಫೆದರ್ಸ್. ಸ್ಕಾರ್ಸೇಸಿಯ 1990ರ ಗುಡ್‌ಫೆಲ್ಲಾಸ್‌ನ ಗ್ಯಾಂಗ್‌ಸ್ಟರ್‌ಗಳು ಇಲ್ಲಿ ನ್ಯೂಯಾರ್ಕಿನ ಮೂರು ಪಾರಿವಾಳಗಳು. "ನಾನೇನು ನಿನಗೆ ತಮಾಷೆಯಾಗಿ ಕಾಣ್ತೀನಾ?" ಅನ್ನುವ ಜೋ ಪೆಶಿಯ ಆ ಭಯಂಕರ ಸೀನಿನ ಜಾಡಿನಲ್ಲಿ ಪೆಸ್ಟೋ ಅನ್ನುವ ಪಾರಿವಾಳ ಮಾತುಮಾತಿಗೂ ರೇಗುತ್ತದೆ, ಪುಕ್ಕ ಹಾರುತ್ತವೆ. ಗಾಡ್‌ಪಿಜನ್ ಅಂತ ಒಂದು ದಪ್ಪ ಪಾರಿವಾಳವಿದೆ, ಅದು ಗಾಡ್‌ಫಾದರ್ ಸಿನಿಮಾದ ಮಾರ್ಲನ್ ಬ್ರಾಂಡೋ ಥರ ಬಾಯೊಳಗೇ ಮಾತಾಡುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಇವೆಲ್ಲಾ ಕೂರುವುದು ಸ್ಕಾರ್ಸೇಸಿಯದೇ ಪ್ರತಿಮೆ ಮೇಲೆ. ಮಕ್ಕಳಿಗೆ ಜಗಳಗಂಟ ಹಕ್ಕಿಗಳು ಸಾಕು, ನಮಗೆ ಉಳಿದದ್ದು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಬಾಬ್ಸ್ ಬರ್ಗರ್ಸ್. ಗಂಡ, ಹೆಂಡತಿ, ಮೂರು ಮಕ್ಕಳು ನಡೆಸುವ ಒಂದು ಹೋಟೆಲ್, ಸದಾ ನಷ್ಟದ ಅಂಚಿನಲ್ಲಿ. 2014ರಲ್ಲಿ ಐದನೇ ಸೀಸನ್ ಶುರುವಾದದ್ದು ಶಾಲೆಯ ನಾಟಕದ ಕಂತಿನಿಂದ. ಮಗ ಜೀನ್‌ಗೆ ಹೊಡೆದಾಟದ ಡೈ ಹಾರ್ಡ್ ಸಿನಿಮಾವನ್ನು ಹಾಡು ಕುಣಿತದ ನಾಟಕ ಮಾಡುವ ಆಸೆ. ಶಾಲೆಯವರು ಆರಿಸುವುದು ವರ್ಕಿಂಗ್ ಗರ್ಲ್ ಸಿನಿಮಾದ ನಾಟಕವನ್ನು. ಎರಡೂ ಸಿನಿಮಾ 1988ರವೇ. ಹುಡುಗ ಸೋಲೊಪ್ಪದೆ ಅದೇ ದಿನ, ಅದೇ ಹೊತ್ತಿಗೆ, ಶಾಲೆಯ ಬಾಯ್ಲರ್ ಕೋಣೆಯಲ್ಲಿ ತನ್ನದನ್ನು ಆಡಿಸುತ್ತಾನೆ. ಒಬ್ಬ ಹುಡುಗನ ಹಟವೇ ಕಥೆ, ಸಿನಿಮಾ ಅದಕ್ಕೆ ನೆಪ. ಇ.ಟಿ.ಯ ಅಣಕವೂ ಇದರಲ್ಲಿದೆ, ಅಲ್ಲಿ ಜೀನ್‌ಗೆ ಕಾಡಿನಲ್ಲಿ ಸಿಗುವುದು ಅನ್ಯಗ್ರಹದ ಜೀವಿಯಲ್ಲ, ಮಾತಾಡುವ ಕಮೋಡ್. ದನಿ ನಟ ಜಾನ್ ಹ್ಯಾಮ್‌ದು. ನನ್ನ ಲೆಕ್ಕದಲ್ಲಿ ರೋಸ್‌ಬಡ್‌ನ ಮನೆತನಕ್ಕೆ ಸೇರಿದ ಕಾರ್ಟೂನ್ ಈಗ ಇದೊಂದೇ.

ನೋಡುವಾಗ ಸಬ್‌ಟೈಟಲ್ ಹಾಕಿಕೊಳ್ಳಿ. ನಾಚಿಕೆ ಬೇಡ, ಇವರು ಮಾತಾಡುವ ವೇಗಕ್ಕೆ ಅಲ್ಲಿಯವರೂ ಹಾಕಿಕೊಳ್ಳುತ್ತಾರೆ. ಒಂದೇ ಸಂಜೆ ಎರಡು ಅಣಕ ನೋಡಬೇಡಿ, ಎರಡನೆಯದು ಸಪ್ಪೆಯಾಗುತ್ತದೆ. ಮೂಲ ಸಿನಿಮಾ ನೋಡುವುದಾದರೆ ಅದೇ ದಿನ ಅಣಕ ಹಾಕಬೇಡಿ. ನಡುವೆ ಒಂದು ವಾರ ಬಿಡಿ, ಸಿನಿಮಾದ ಸೀನ್‌ಗಳು ಅರ್ಧ ಮರೆತಿದ್ದಾಗಲೇ "ಅರೇ, ಇದು ಅದಲ್ವಾ!" ಅನ್ನುವ ಖುಷಿ ಜಾಸ್ತಿ.

ಅಕ್ಕನ ಮಗನಿಗೆ ನಾನು ಹೇಳಿದ ಸಿನಿಮಾ ಒಂದೇ, ಸಿಟಿಜನ್ ಕೇನ್. ಅವನು ಅರ್ಧ ಗಂಟೆ ನೋಡಿ "ಮಾವ, ಬ್ಲ್ಯಾಕ್ ಅಂಡ್ ವೈಟು" ಅಂತ ಮೆಸೇಜ್ ಹಾಕಿದ. ರೋಸ್‌ಬಡ್ ಕಂತಿನ ಲಿಂಕ್ ಕಳಿಸಿದೆ. ರಾತ್ರಿ ಹನ್ನೊಂದೂವರೆಗೆ ಇನ್ನೊಂದು ಮೆಸೇಜ್ ಬಂತು: "ಕರಡಿ ಕೊಟ್ಬಿಟ್ಳು ಮಾವ. ಆ ಸಿನಿಮಾದಲ್ಲೂ ಸಿಗುತ್ತಾ ಅವನಿಗೆ?" ನಾನು ಉತ್ತರ ಕೊಟ್ಟಿಲ್ಲ. ಉಳಿದ ಒಂದೂವರೆ ಗಂಟೆ ನೋಡಲಿ.